ಮೂವತ್ತು ಇಂಚಿನ ಹಠ

ನಮ್ಮತ್ತೆ ಯಾವುದನ್ನೋ ಮೊದಲ ನೋಟಕ್ಕೇ ಮೆಚ್ಚಿದರು ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ನಮ್ಮ ಮಾವನವರನ್ನೇ ಮೂರು ಸಲ ನೋಡಿ, ನಾಲ್ಕನೇ ಸಲಕ್ಕೆ "ಹೂಂ, ನಡೆಯತ್ತೆ" ಎಂದು ಒಪ್ಪಿಕೊಂಡವರಂತೆ! ಮಾವ ಇದನ್ನು ಈಗಲೂ ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆ: "ಅವಳ ಕೈಲಿ ಪಾಸಾದ ಮಾಲು ಕಣಮ್ಮ ನಾನು. ಸುಮ್ನೆ ಅಲ್ಲ."

ಇದರಲ್ಲಿ ಅತ್ತೆಯದು ತಪ್ಪೇನಿಲ್ಲ. ಪೀಣ್ಯದಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಪ್ಪತ್ತೇಳು ವರ್ಷ ಅವರು ಮಾಡಿದ್ದು ಇದೇ ಕೆಲಸ. ತಯಾರಾಗಿ ಬಂದ ಮಾಲನ್ನು ಒಂದೊಂದಾಗಿ ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿದ್ದರೂ ಕೆಂಪು ಚಾಕ್‌ಪೀಸಿನಿಂದ ಗೀಟು ಹಾಕಿ ಪಕ್ಕಕ್ಕೆ ತಳ್ಳುವುದು. ಮೆಷಿನ್ ನಡೆಸುವ ಕಟ್ಟುಮಸ್ತಾದ ಗಂಡಸರು ಅವರ ಮೇಜಿನ ಮುಂದೆ ಟ್ರೇ ಹಿಡಿದು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರಂತೆ. ನಿವೃತ್ತಿಯ ದಿನ ಕಾರ್ಖಾನೆಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಅತ್ತೆ ತಾವಾಗಿ ಮನೆಗೆ ತಂದದ್ದು ಎರಡೇ: ದಪ್ಪ ಅಳೆಯುವ ತಮ್ಮ ಸ್ವಂತ ವರ್ನಿಯರ್, ಮತ್ತು ಅರ್ಧ ಡಬ್ಬಿ ಕೆಂಪು ಚಾಕ್‌ಪೀಸು.

ಅಲ್ಲಿಂದಾಚೆ ನಮ್ಮ ಮನೆಯೇ ಕಾರ್ಖಾನೆ. ಲಗ್ಗೆರೆಯ ಬೀದಿ ಬೀದಿಯಲ್ಲಿ ಗಂಟಲು ಹರಿಯುವಂತೆ ಕೂಗುವ ತರಕಾರಿ ಗಾಡಿಯವನು ನಮ್ಮ ಮನೆ ಮುಂದೆ ಮಾತ್ರ ಸದ್ದಿಲ್ಲದೆ ದಾಟಿ ಹೋಗುತ್ತಿದ್ದ. ಇನ್ನು ನನ್ನ ಸಾರು, ನನ್ನ ಪಲ್ಯ? ಉಪ್ಪು ಹೆಚ್ಚಾದ ದಿನ "ಉಪ್ಪು ಜಾಸ್ತಿ" ಎಂಬ ತೀರ್ಪು ತಟ್ಟೆಗೆ ಕೈ ಹಾಕಿದ ಕೂಡಲೇ ಬರುತ್ತಿತ್ತು. ಚೆನ್ನಾಗಿದ್ದ ದಿನ? ಏನೂ ಇಲ್ಲ. ಊಟ ಮಾಡುವರು, ತಟ್ಟೆ ತೊಳೆದಿಡುವರು, ಹೋಗುವರು. ಸೊಸೆಯಾಗಿ ಬಂದು ಆರು ವರ್ಷವಾಗಿದ್ದರೂ ನಾನು ಪಾಸೋ ಫೇಲೋ ಎನ್ನುವುದೇ ನನಗೆ ತಿಳಿದಿರಲಿಲ್ಲ.

ಈಗ ಎತ್ತರದ ವಿಷಯ ಹೇಳಬೇಕು, ಏಕೆಂದರೆ ಕಥೆಯೆಲ್ಲ ಇರುವುದು ಅಲ್ಲೇ. ಅತ್ತೆ ನಾಲ್ಕು ಅಡಿ ಎಂಟು ಇಂಚು. ನಾನು ಐದು ಅಡಿ ಒಂಬತ್ತು. ನಮ್ಮ ಬಾಡಿಗೆ ಮನೆಯ ಅಡುಗೆಕಟ್ಟೆ ಮೂವತ್ತಮೂರು ಇಂಚು. ಅತ್ತೆಗೆ ಅದು ಎತ್ತರ, ನನಗೆ ತಗ್ಗು. ಮನೆ ಮಾಲೀಕರು ಯಾರನ್ನು ನಿಲ್ಲಿಸಿಕೊಂಡು ಅಳತೆ ತೆಗೆದಿದ್ದರೋ ದೇವರಿಗೇ ಗೊತ್ತು! ಅತ್ತೆ ಒಂದು ಮರದ ಮಣೆ ಹಾಕಿಕೊಂಡು, ಅದರ ಮೇಲೆ ಹತ್ತಿ ನಿಂತು ಅಡುಗೆ ಮಾಡುತ್ತಿದ್ದರು. ಮದುವೆಯಾದಾಗಿನಿಂದ ಐದು ಬಾಡಿಗೆ ಮನೆ ಬದಲಾಗಿದ್ದವು, ಮಣೆ ಮಾತ್ರ ಬದಲಾಗಿರಲಿಲ್ಲ. ಅವರು ಇಳಿದ ಮೇಲೆ ನಾನು ಅದನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿ, ಬೆನ್ನು ಬಗ್ಗಿಸಿ ನಿಲ್ಲುತ್ತಿದ್ದೆ.

ಹೀಗಿರುವಾಗ ಲಗ್ಗೆರೆಯಲ್ಲೇ ಒಂದು ಪುಟ್ಟ ಸೈಟಿನಲ್ಲಿ ನಮ್ಮದೇ ಮನೆ ಏಳತೊಡಗಿತು. ನನ್ನ ಗಂಡನಿಗೆ ಬಾಲ್ಕನಿ ಬೇಕು, ಮಾವನವರಿಗೆ ಪೇಪರ್ ಓದಲು ಜಗಲಿ ಬೇಕು. ಅತ್ತೆ ಕೇಳಿದ್ದು ಒಂದೇ.

"ಅಡುಗೆಕಟ್ಟೆ ಮೂವತ್ತಿಂಚು. ಅದರ ಮೇಲೆ ಒಂದು ನೂಲೂ ಬೇಡ."

ಮೇಸ್ತ್ರಿ ಯಾದಗಿರಿ ಕಡೆಯವರು. ವಿನಯವಂತರು. ನಕ್ಕು ಹೇಳಿದರು, "ಯವ್ವಾ, ಸ್ಟ್ಯಾಂಡರ್ಡ್ ಸೈಜು ಮೂವತ್ನಾಕು ಐತ್ರಿ. ಎಲ್ಲಾರ ಮನ್ಯಾಗೂ ಹಂಗ ಕಟ್ಟೀವಿ."

"ಯಾರ ಸ್ಟ್ಯಾಂಡರ್ಡಪ್ಪ ಅದು?"

"ಸ್ಟ್ಯಾಂಡರ್ಡ್ ಅಂದ್ರ... ಸ್ಟ್ಯಾಂಡರ್ಡ್ ರೀ."

"ಆ ಸ್ಟ್ಯಾಂಡರ್ಡ್ ಬಂದು ನಮ್ಮನೇಲಿ ಮುದ್ದೆ ತಿರುವುತ್ತಾ? ಹಂಗಿದ್ರೆ ಐವತ್ತಿಂಚು ಕಟ್ಟು, ನಾನು ಆರಾಮಾಗಿ ಕೂತ್ಕೋತೀನಿ!"

ನನ್ನ ಗಂಡ ಬಾಯಿ ಹಾಕಿ, "ಅಮ್ಮಾ, ನಾಳೆ ಮನೆ ಬಾಡಿಗೆಗೆ ಕೊಡೋ ಹಂಗಾದ್ರೆ ಬಂದೋರು ಏನಂತಾರೆ?" ಎಂದರು. "ಬಂದೋರು ಬಗ್ಗಲಿ. ಇಷ್ಟು ವರ್ಷ ನಾನು ಹತ್ತಿಲ್ವಾ?" ಅಲ್ಲಿಗೆ ಚರ್ಚೆ ಮುಗಿಯಿತು.

ಆಗ ಎಲ್ಲರ ಬಾಯಲ್ಲೂ ಮಾಡ್ಯುಲರ್ ಕಿಚನ್ ಎನ್ನುವ ಮಾತು ಹೊಸದು. ನೋಡಿಕೊಂಡಾದರೂ ಬರೋಣವೆಂದು ಒಂದು ಭಾನುವಾರ ಶೋರೂಮಿಗೆ ಹೊರಟೆವು. ಅತ್ತೆ ಆಟೋದಲ್ಲಿ ತಮ್ಮ ಜೊತೆ ಕೂರಿಸಿಕೊಂಡದ್ದು ನನ್ನನ್ನಲ್ಲ, ಮನೆಯ ಅತಿ ದೊಡ್ಡ ತಪ್ಪಲೆಯನ್ನು! ಹಬ್ಬಕ್ಕೆ ಹೋಳಿಗೆ ಸಾರು ಮಾಡುವ ತಪ್ಪಲೆ. ನಾನೂ ನನ್ನ ಗಂಡನೂ ಬೈಕಿನಲ್ಲಿ, ಆದಷ್ಟು ಹಿಂದೆ ಹಿಂದೆ, ಪರಿಚಯವಿಲ್ಲದವರ ಹಾಗೆ ಹೋದೆವು.

ಟೈ ಕಟ್ಟಿದ ಸೇಲ್ಸ್‌ನವರು, "ವೆಲ್‌ಕಮ್ ಮೇಡಂ, ಈ ಸಿಂಕ್ ನೋಡಿ, ಲೇಟೆಸ್ಟ್ ಡಿಸೈನು" ಎನ್ನುವಷ್ಟರಲ್ಲಿ ಅತ್ತೆ ತಪ್ಪಲೆಯನ್ನು ಅದರೊಳಗಿಟ್ಟರು. ಇಟ್ಟರು ಎಂದೆನೇ? ಇಡಲು ನೋಡಿದರು. ತಪ್ಪಲೆ ಅಂಚಿನ ಮೇಲೆಯೇ ಕೂತಿತು.

"ಒಳಗೇ ಹೋಗಲ್ಲ. ನಾನು ಇದನ್ನ ಎಲ್ಲಿ ತೊಳೀಲಿ, ಟೆರೇಸ್ ಮೇಲಾ?"

"ಮೇಡಂ, ಈಗ ಯಾರೂ ಇಷ್ಟು ದೊಡ್ಡ ಪಾತ್ರೆಲಿ ಮಾಡಲ್ಲ..."

"ನೀವು ನಮ್ಮನೆ ಹಬ್ಬಕ್ಕೆ ಬಂದಿದ್ದೀರಾ?"

ಅವರು ಬಂದಿರಲಿಲ್ಲ. ಅಲ್ಲಿಂದ ಮುಂದೆ ವರ್ನಿಯರ್ ಹೊರಬಂತು. ಹದಿನೆಂಟು ಮಿಲಿಮೀಟರ್ ಎಂದು ಹೇಳಿದ ಹಲಗೆ ಹದಿನಾರೂವರೆ ಇತ್ತು. ತಾನಾಗಿಯೇ ಮೆಲ್ಲಗೆ ಮುಚ್ಚಿಕೊಳ್ಳುವ ಡ್ರಾಯರನ್ನು ಅತ್ತೆ ಎಳೆದರು, ಬಿಟ್ಟರು, ಎಳೆದರು, ಬಿಟ್ಟರು. ಹತ್ತು ಸಲ ಆದ ಮೇಲೆ ಸೇಲ್ಸ್‌ನವರು ಕೆಮ್ಮಿದರು. "ನೀವು ಬೇರೆ ಕೆಲಸ ಇದ್ರೆ ನೋಡ್ಕೊಳಿ ಸಾರ್, ನನಗಿನ್ನೂ ತೊಂಬತ್ತು ಸಲ ಇದೆ" ಎಂದರು ಅತ್ತೆ.

ಕೊನೆಗೆ ಬಂದದ್ದು ಚಿಮಣಿ. "ಎಂಥ ಒಗ್ಗರಣೆ ಹಾಕಿದ್ರೂ ವಾಸನೆ ಹೊರಗೆ ಬರಲ್ಲ ಮೇಡಂ" ಎಂದು ಆ ಪುಣ್ಯಾತ್ಮರು ಯಾಕಾದರೂ ಹೇಳಿದರೋ! ತೋರಿಸಲೆಂದೇ ಒಂದು ಒಲೆಗೆ ಗ್ಯಾಸ್ ಜೋಡಿಸಿದ್ದರು. ಅತ್ತೆ ಕೈಚೀಲದಿಂದ ತೆಗೆದರು: ಒಗ್ಗರಣೆ ಸೌಟು, ಚಿಕ್ಕ ಬಾಟಲಿಯಲ್ಲಿ ಎಣ್ಣೆ, ಪೊಟ್ಟಣದಲ್ಲಿ ಹತ್ತು ಗುಂಟೂರು ಮೆಣಸಿನಕಾಯಿ. ಎರಡು ನಿಮಿಷದಲ್ಲಿ ಇಡೀ ಶೋರೂಮು ಫುಟ್‌ಪಾತಿನಲ್ಲಿತ್ತು. ಮಾಲೀಕರು, ಗಿರಾಕಿಗಳು, ಸೆಕ್ಯೂರಿಟಿಯವರು, ಎಲ್ಲರೂ ಕಣ್ಣು ಮೂಗು ಒರೆಸಿಕೊಳ್ಳುತ್ತ ನಿಂತಿದ್ದರು. ಒಳಗೆ ಸೆರಗನ್ನು ಮೂಗಿಗೆ ಹಿಡಿದು ಒಬ್ಬರೇ ನಿಂತಿದ್ದ ಅತ್ತೆ ಚಿಮಣಿಗೆ ಉದ್ದಕ್ಕೊಂದು ಕೆಂಪು ಗೀಟು ಎಳೆದು, ತಪ್ಪಲೆ ಎತ್ತಿಕೊಂಡು ಹೊರಬಂದರು. "ಕಿಟಕಿ ದೊಡ್ಡದು ಮಾಡ್ಸಿದ್ರೆ ಸಾಕು" ಎಂದರು.

ಆ ದಿನಗಳಲ್ಲಿ ಅವರು ಅಳೆಯದೆ ಬಿಟ್ಟದ್ದು ಏನೂ ಇರಲಿಲ್ಲ. ಮಿಕ್ಸಿಯ ವೈರು, ಕುಕ್ಕರಿನ ಹಿಡಿ, ಅಕ್ಕಿ ಡಬ್ಬದ ಸುತ್ತಳತೆ. ಫ್ರಿಜ್ಜಿಗೂ ಗೋಡೆಗೂ ನಡುವೆ ಎಷ್ಟು ಜಾಗ ಬೇಕೆಂದು ತಿಳಿಯಲು ಮಾವನವರ ಹೊಟ್ಟೆಗೆ ಟೇಪು ಸುತ್ತಿದರು. "ಊಟಕ್ಕೆ ಮುಂಚೆ ಬೇಡ, ಊಟ ಆದ್ಮೇಲೆ ಅಳತೆ ತಗೋ" ಎಂದು ಮಾವ ತಾವೇ ಸಲಹೆ ಕೊಟ್ಟರು. ಒಂದು ಸಂಜೆ ನನ್ನನ್ನೂ ಕರೆದು ಗೋಡೆಗೆ ಒರಗಿಸಿ, "ಕೈ ಮಡಚು" ಎಂದು, ಮೊಣಕೈ ಹತ್ತಿರ ಪೆನ್ಸಿಲಿನಿಂದ ಗೆರೆ ಎಳೆದರು. ಯಾಕೆ ಎಂದರೆ, "ಕ್ಯಾಲೆಂಡರ್ ಮೊಳೆಗೆ" ಎಂದರು. ಮೊಣಕೈಯೆತ್ತರದಲ್ಲಿ ಕ್ಯಾಲೆಂಡರ್ ತೂಗುಹಾಕುವ ಮನೆ ನಮ್ಮದೊಂದೇ ಇರಬೇಕು ಎಂದುಕೊಂಡೆ.

ಆದರೆ ಒಳಗೊಳಗೇ ನನಗೆ ಸಿಟ್ಟು ಬಂದಿತ್ತು. ಮೂವತ್ತಿಂಚು ಅವರಿಗೆ ಸರಿ. ನನಗೆ? ಬಾಡಿಗೆ ಮನೆಯಲ್ಲಾದರೆ ಬೆನ್ನು ಬಗ್ಗುತ್ತಿತ್ತು, ಇಲ್ಲಿ ಮೊಣಕಾಲೂ ಬಗ್ಗಿಸಬೇಕಲ್ಲ! ಸ್ವಂತ ಮನೆ, ಸ್ವಂತ ಅಡುಗೆಮನೆ ಎಂದು ಆರು ವರ್ಷದಿಂದ ಆಸೆಪಟ್ಟವಳು ನಾನೂ ತಾನೆ? ಗಂಡನಿಗೆ ಹೇಳಿದೆ. "ನೀನೇ ಹೇಳು ಅಮ್ಮಂಗೆ" ಎಂದು ಪೇಪರಿನ ಹಿಂದೆ ಮುಖ ಮರೆಸಿಕೊಂಡರು. ಹೇಳಲು ನಾನು ಎರಡು ಸಲ ಹೋದೆ. ಎರಡು ಸಲವೂ "ಅತ್ತೆ, ಟೀ ಬೇಕಾ?" ಎಂದು ಕೇಳಿ ವಾಪಸ್ ಬಂದೆ.

ಬಾಯಲ್ಲಿ ಹೇಳಲಾಗದವಳು ಕೈಯಲ್ಲಿ ದಂಗೆ ಎದ್ದೆ. ಕೆಲಸದಿಂದ ಬರುವಾಗ ಒಂದು ಇಂಡಕ್ಷನ್ ಒಲೆ ಕೊಂಡುತಂದೆ. ನನ್ನದನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡು ನನ್ನ ಪಾಡಿಗೆ ನಾನು ಅಡುಗೆ ಮಾಡುತ್ತೇನೆ, ಕಟ್ಟೆಯನ್ನು ಅವರೇ ಆಳಲಿ! ಅತ್ತೆ ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದರು.

"ಎಲ್ಲಿಡ್ತೀಯ ಇದನ್ನ?"

"ಊಟದ ಮೇಜಿನ ಮೇಲೆ."

"ಯಾಕೆ?"

"ಹಂಗೇ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಟೇಪು ತೆಗೆದು ಒಲೆಯ ದಪ್ಪ ಅಳೆದುಕೊಂಡು ಹೋದರು. ಕೆಂಪು ಗೀಟು ಬೀಳುವುದೊಂದು ಬಾಕಿ ಎಂದುಕೊಂಡೆ.

ಅಷ್ಟರಲ್ಲಿ ಕಟ್ಟಡದ ಕಡೆ ಒಂದು ರಂಪವಾಯಿತು. ಅತ್ತೆ ಊರಿಗೆ ಮದುವೆಗೆ ಹೋಗಿದ್ದ ಎರಡು ದಿನದಲ್ಲಿ ಮೇಸ್ತ್ರಿ ಅಡುಗೆಕಟ್ಟೆ ಕಟ್ಟಿ ಮುಗಿಸಿದ್ದರು. ಮೂವತ್ನಾಲ್ಕಿಂಚು! ವಾಪಸ್ ಬಂದ ಅತ್ತೆ ಹೊಸಿಲು ದಾಟುತ್ತಲೇ ನಿಂತರು. ಟೇಪೂ ತೆಗೆಯಲಿಲ್ಲ.

"ಏನಪ್ಪ ಇದು?"

"ಯವ್ವಾ, ನೀವು ಸಿಟ್ಟಿನಾಗ ಹೇಳೀರಿ ಅನ್ಕೊಂಡ್ನಿರಿ. ನೋಡಿದವ್ರು ನನ್ನ ಕೆಲಸಕ್ಕ ನಗ್ತಾರ್ರಿ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಮೂಲೆಯಲ್ಲಿದ್ದ ಸುತ್ತಿಗೆ ಎತ್ತಿಕೊಂಡರು, ಒಂದೇ ಏಟಿಗೆ ಮೂಲೆಯ ಇಟ್ಟಿಗೆ ಹಾರಿಸಿದರು. "ನಗೋರು ನಗಲಿ, ಬೇಯಿಸೋಳು ನಾನು!" ಎರಡನೇ ಏಟು. ಮೂರನೇ ಏಟಿಗೆ ಮೇಸ್ತ್ರಿಯೇ ಓಡಿಬಂದು, "ಕೊಡ್ರಿ ಯವ್ವಾ, ನಾನ ಒಡೀತೀನಿ" ಎಂದು ಸುತ್ತಿಗೆ ಇಸಿದುಕೊಂಡರು. ಆಮೇಲೆ ಒಂದು ವಾರ ಅತ್ತೆ ಅಡುಗೆಮನೆ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕಾವಲು ಕೂತರು. ನಮ್ಮನ್ನು ಯಾರನ್ನೂ ಒಳಕ್ಕೆ ಬಿಡಲಿಲ್ಲ.

ಗೃಹಪ್ರವೇಶದ ಹಿಂದಿನ ದಿನ ಸಾಮಾನು ಸಾಗಿಸುವಾಗ ನಾನು ಮೊದಲ ಸಲ ಒಳಗೆ ಹೋದೆ. ಕಿಟಕಿ ಪಕ್ಕ ಮೂರು ಅಡಿ ಉದ್ದದ ಕಟ್ಟೆ, ಮೂವತ್ತಿಂಚು. ಸರಿ. ಅಲ್ಲಿಂದ ಕಟ್ಟೆ ಮೆಟ್ಟಿಲಿನಂತೆ ಸಟ್ಟನೆ ಮೇಲೇರಿತ್ತು. ಏರಿದ ಮೇಲೆ ಐದು ಅಡಿ ಉದ್ದಕ್ಕೆ ಹಾಗೆಯೇ ಹೋಗಿತ್ತು. "ಮೇಸ್ತ್ರೀ! ಮತ್ತೆ ತಪ್ಪು ಮಾಡಿದ್ರಾ?" ಎಂದು ಕೂಗಿದೆ. ಸುತ್ತಿಗೆ ಎಲ್ಲಿದೆ ಎಂದೂ ನೋಡಿದೆ, ಸುಳ್ಳೇಕೆ ಹೇಳಲಿ.

ಮೇಸ್ತ್ರಿ ಎರಡೂ ಕೈ ಮೇಲೆತ್ತಿದರು. "ನನ್ನ ಕೇಳಬ್ಯಾಡ್ರಿ ತಾಯಿ. ಯವ್ವ ಎರಡು ಕೋಲು ಕಡಿದು ಕೊಟ್ಟಿದ್ರು. ಒಂದು ಸಣ್ಣದು, ಒಂದು ದೊಡ್ಡದು."

ಹಿಂದೆ ಅತ್ತೆ ನಿಂತಿದ್ದರು. "ಅಲ್ಲಿ ನಿಂತ್ಕೋ. ಕೈ ಮಡಚು."

ನಿಂತೆ. ಮಡಚಿದೆ. ಮೊಣಕೈಗೂ ಕಟ್ಟೆಗೂ ನಡುವೆ ಅವರು ನಾಲ್ಕು ಬೆರಳು ಅಡ್ಡ ಇಟ್ಟರು. ಸರಿಯಾಗಿ ನಾಲ್ಕೇ ಬೆರಳು. ನನ್ನ ಬೆನ್ನು ನೆಟ್ಟಗಿತ್ತು.

"ಆರು ವರ್ಷದಿಂದ ನೋಡ್ತಿದ್ದೀನಿ. ದೋಸೆ ಹುಯ್ಯೋವಾಗೆಲ್ಲ ಎಡಗೈ ಸೊಂಟಕ್ಕೆ ಹೋಗುತ್ತೆ. ಆದ್ರೂ ಬಾಯಿ ಬಿಡಲ್ಲ ನೀನು. ನಾನೂ ಹಿಂಗೇ ಸುಮ್ನಿದ್ದು ಮೂವತ್ತು ವರ್ಷ ಮಣೆ ಹತ್ತಿದೆ. ಯಾರೂ ಕೇಳ್ಲಿಲ್ಲ. ನಮಗೆ ಬೇಕಾದ್ದನ್ನ ನಾವೇ ಜಗಳ ಆಡಿ ತಗೋಬೇಕಮ್ಮ, ತಿಳೀತಾ?"

"ನಿಮ್ಮ ಕಟ್ಟೆ ಮೂರೇ ಅಡಿ ಇದೆಯಲ್ಲ ಅತ್ತೆ?"

"ನಾನಿನ್ನೆಷ್ಟು ವರ್ಷ ಬೇಯಿಸ್ತೀನಿ? ನೀನು ತುಂಬಾ ದಿನ ಬೇಯಿಸಬೇಕು. ಇಂಡಕ್ಷನ್ ಅಲ್ಲೇ ಇಡು, ಅದರ ದಪ್ಪ ಬಿಟ್ಟು ಪ್ಲಗ್ ಪಾಯಿಂಟ್ ಹಾಕ್ಸಿದೀನಿ."

ಅಳು ಬರುವಂತಾಗಿತ್ತು. ತಡೆಯಲು ಏನಾದರೂ ತಮಾಷೆ ಮಾಡಬೇಕಿತ್ತು. "ಚಾಕ್‌ಪೀಸ್ ಎಲ್ಲಿ? ಇದಕ್ಕೆ ಗುರುತು ಹಾಕಲ್ವಾ?" ಎಂದೆ.

ಅತ್ತೆ ನನ್ನನ್ನು ಏನೂ ತಿಳಿಯದವಳನ್ನು ನೋಡುವ ಹಾಗೆ ನೋಡಿದರು. "ಸರಿ ಇರೋ ಮಾಲಿಗೆ ಯಾರಾದ್ರೂ ಗುರುತು ಹಾಕ್ತಾರಾ? ಸುಮ್ನೆ ಮುಂದಕ್ಕೆ ಕಳಿಸ್ತಾರೆ."

ಮಾತಿಲ್ಲದೆ ಊಟ ಮಾಡಿ, ತಟ್ಟೆ ತೊಳೆದಿಟ್ಟು ಹೋದ ಅಷ್ಟೂ ದಿನಗಳು ನನಗೆ ಆಗ ನೆನಪಾದವು. ಅಷ್ಟೂ ದಿನ ನಾನು ಪಾಸಾಗಿದ್ದೆ!

ಮರುದಿನ ಬೆಳಿಗ್ಗೆ ಹಾಲುಕ್ಕಿಸಲು ಮೂರು ಇಟ್ಟಿಗೆ ಇಟ್ಟು ಒಲೆ ಹೂಡಿದೆವು. ಸೌದೆ ಎಲ್ಲಿ ಎಂದು ಎಲ್ಲರೂ ಹುಡುಕುತ್ತಿದ್ದಾಗ ಅತ್ತೆ ಹಳೆಯ ಮನೆಯಿಂದ ಆ ಮಣೆ ತಂದರು. ಮಚ್ಚಿನಿಂದ ಸೀಳಿ ನಾಲ್ಕು ತುಂಡು ಮಾಡಿದರು. "ಶುಭದ ದಿನ ಮಣೆ ಸುಡ್ತಾರೇನೇ?" ಎಂದು ನೆಂಟರಲ್ಲಿ ಯಾರೋ ಅಂದರು. "ಅದರ ಮೇಲೆ ನೀವು ನಿಂತಿದ್ರಾ?" ಎಂದು ಕೇಳಿ ಅತ್ತೆ ತುಂಡುಗಳನ್ನು ಒಲೆಗಿಟ್ಟು, ಬೆಂಕಿಕಡ್ಡಿಯನ್ನು ನನ್ನ ಕೈಗೆ ಕೊಟ್ಟರು.

ನಾನು ಬೆಂಕಿ ಹಚ್ಚಿ ಊದಿದೆ. ಹಾಲು ಉಕ್ಕುವ ಹೊತ್ತಿಗೆ ನನ್ನ ಕಣ್ಣಲ್ಲಿ ಧಾರಾಕಾರ ನೀರು. ಹೊಗೆಗೆ ಎಂದು ಎಲ್ಲರಿಗೂ ಹೇಳಿದೆ. ಎಲ್ಲರೂ ನಂಬಿದರು. ಅತ್ತೆ ಮಾತ್ರ ನನ್ನ ಮುಖವನ್ನು ಒಮ್ಮೆ ನೋಡಿ, ಏನೂ ಹೇಳದೆ, ಸೆರಗಿನ ತುದಿ ನನ್ನ ಕೈಗೆ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂತರು.