ಸೇವಾಜ್ಯೇಷ್ಠತೆಯ ಪ್ರಕಾರ ಹಿರೇಮದ್ದು

ಐದು ತಾಲ್ಲೂಕು ಸಮನ್ವಯ ಕಚೇರಿಯಲ್ಲಿ ದಣಿವನ್ನು ಜೂನ್ ಒಂದರಿಂದ ಜಾರಿಗೆ ಬರುವಂತೆ ರದ್ದುಪಡಿಸಲಾಯಿತು. ಆದೇಶದ ಪ್ರತಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದವಳು ದ್ವಿತೀಯ ದರ್ಜೆ ಸಹಾಯಕಿ ಪುಷ್ಪಲತಾ. ಅಂಟಿಸಿ ತನ್ನ ಕುರ್ಚಿಗೆ ಬರುವಷ್ಟರಲ್ಲಿ ಅವಳಿಗೆ ಏದುಸಿರು ಹತ್ತಿತು. ಆದರೆ ಆಗ ಸಮಯ ಹತ್ತೂ ಮುಕ್ಕಾಲು. ಆದೇಶ ಹತ್ತು ಗಂಟೆಗೇ ಜಾರಿಯಾಗಿದ್ದರಿಂದ ಅವಳಿಗೆ ಆದದ್ದನ್ನು ದಣಿವು ಎಂದು ಪರಿಗಣಿಸಲು ಅವಕಾಶವಿರಲಿಲ್ಲ.

ಕಚೇರಿ ಇರುವುದು ಕೊಟ್ಟೂರಿನಲ್ಲಿ, ಮಂಡಕ್ಕಿ ಭಟ್ಟಿಯ ಪಕ್ಕದ ಬಾಡಿಗೆ ಕಟ್ಟಡದ ಮಹಡಿಯ ಮೇಲೆ. ಹದಿನಾಲ್ಕು ಮೆಟ್ಟಿಲು. ಕೂಡ್ಲಿಗಿಯ ಕಡತ ಹರಪನಹಳ್ಳಿಗೆ ಹೋಗಬೇಕಾದರೆ ನೇರವಾಗಿ ಹೋಗುವಂತಿಲ್ಲ; ಹಗರಿಬೊಮ್ಮನಹಳ್ಳಿಯದು ಹಡಗಲಿಗೂ ಹಾಗೆ ಹೋಗುವಂತಿಲ್ಲ. ಎಲ್ಲವೂ ಮೊದಲು ಕೊಟ್ಟೂರಿಗೆ ಬಂದು, ಇಲ್ಲೊಂದು ಕವರಿಂಗ್ ಲೆಟರ್ ಹೊದ್ದುಕೊಂಡು ಮುಂದಕ್ಕೆ ಹೋಗಬೇಕು. ಕವರಿಂಗ್ ಲೆಟರಿನಲ್ಲಿ ಏನು ಬರೆದಿರುತ್ತದೆ ಎಂದರೆ, ಕಡತ ಬಂದಿದೆ, ಕಳಿಸಲಾಗಿದೆ ಎಂದು. ಈ ಮಹತ್ವದ ಕೆಲಸಕ್ಕೆ ಎಂಟು ಜನ ನೌಕರರಿದ್ದಾರೆ. ಅವರಿಗೆ ಚಹಾ ಕೊಡಲು ಹೊರಗುತ್ತಿಗೆಯ ಪಕ್ಕೀರಮ್ಮ ಇದ್ದಾಳೆ.

ಪುಷ್ಪಲತಾ ದಿನವೂ ಕೋಗಳಿಯಿಂದ ಬಸ್ಸಿಗೆ ಬರುವವಳು. ಯುಗಾದಿಯಿಂದೀಚೆಗೆ ಆ ಹದಿನಾಲ್ಕು ಮೆಟ್ಟಿಲನ್ನು ಒಂದೇ ಸಲಕ್ಕೆ ಹತ್ತಲು ಆಗುತ್ತಿರಲಿಲ್ಲ. ಏಳನೆಯದರ ಮೇಲೆ ಕೂತು ಸುಧಾರಿಸಿಕೊಳ್ಳಬೇಕು. ಬಾಚಣಿಗೆ ತುಂಬ ಕೂದಲು ಬರುತ್ತಿತ್ತು, ಮುಖ ಊದಿತ್ತು, ಬೇಸಿಗೆಯಲ್ಲೂ ಸ್ವೆಟರ್ ಬೇಕೆನಿಸುತ್ತಿತ್ತು. ಹಗರಿಬೊಮ್ಮನಹಳ್ಳಿಯ ಡಾಕ್ಟರು ಅವಳ ಗಂಟಲು ಒತ್ತಿ ನೋಡಿ, "ಥೈರಾಯ್ಡ್ ಇದ್ದಂಗ ಐತಿ. ಹೊಸಪೇಟಿಗೆ ಹೋಗಿ, ಬೆಳಿಗ್ಗೆ ಖಾಲಿ ಹೊಟ್ಟಿಲೆ ರಕ್ತ ಕೊಟ್ಟು ಬರ್ರಿ. ತಡ ಮಾಡಬ್ಯಾಡ್ರಿ," ಎಂದು ಚೀಟಿ ಬರೆದುಕೊಟ್ಟಿದ್ದರು. ರಜಾ ದಿನಗಳಲ್ಲಿ ಲ್ಯಾಬಿಗೂ ರಜೆ. ಹೀಗಾಗಿ ಅವಳಿಗೆ ಬೇಕಾಗಿದ್ದದ್ದು ಕೆಲಸದ ದಿನದಂದು ಒಂದೇ ಒಂದು ದಿನದ ರಜೆ.

ಮೇ ಕೊನೆಯಲ್ಲಿ ಅವಳು ಅದಕ್ಕೆ ಅರ್ಜಿ ಬರೆಯುವ ಹೊತ್ತಿಗೇ, ಹರಪನಹಳ್ಳಿ ಕಡೆಯ ಅರಸೀಕೆರೆಯಿಂದ ಮದ್ದು ಮಾರುವ ಹಾಲೇಶಪ್ಪ ಕೈಯಲ್ಲಿ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದ. ಡಬ್ಬಿಯ ಮೇಲೆ ಹೀಗೆ ಬರೆದಿತ್ತು: "ಚೈತನ್ಯ ಹಿರೇಮದ್ದು. ಅಶ್ವಗಂಧದ ಶುದ್ಧ ಬೇರಿನ ಪುಡಿ. ಹಾರ್ಮೋನು ಸಮತೋಲನಕ್ಕೆ, ದಿನವಿಡೀ ಶಕ್ತಿಗೆ."

"ಹಾರ್ಮೋನು ಅಂದ್ರ ಏನ್ರಿ?" ಎಂದು ಸಮನ್ವಯಾಧಿಕಾರಿ ಗವಿಸಿದ್ದೇಶ್ ಸಾಹೇಬರು ಕೇಳಿದರು.

"ಮೈಯಾಗಿನ ಟಪಾಲು ಸರ. ಕುತಿಗ್ಯಾಗ ಹೊರಡತೈತಿ, ಕಾಲಿಗೆ ಹೋಗಿ ಹುಕುಂ ಮುಟ್ಟಸ್ತೈತಿ. ಟಪಾಲು ತಡ ಆತು ಅಂದ್ರ ಮನುಷ್ಯ ದಣೀತಾನ."

"ಅಂದ್ರ ನಮ್ಮ ಕಚೇರಿ ಇದ್ದಂಗ."

"ಬರೋಬ್ಬರಿ ಹಂಗ ಸರ! ಐದು ತಾಲ್ಲೂಕಿನ ಹಾರ್ಮೋನು ಅಂದ್ರ ನೀವ."

ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಸಾಹೇಬರಿಗೆ ಯಾರೂ ಇಂಥ ಮಾತು ಹೇಳಿರಲಿಲ್ಲ. ಪುಡಿಯನ್ನು ಕೂಡಲೇ ಖರೀದಿಸಲು ಸೂಚಿಸಿದರು. ಮೂರು ದರಪಟ್ಟಿ ಬೇಕೆಂಬ ನಿಯಮವಿದ್ದುದರಿಂದ ಹಾಲೇಶಪ್ಪ, ಅವನ ಹೆಂಡತಿ ಮತ್ತು ಅವನ ಅತ್ತೆ ಒಂದೊಂದು ದರಪಟ್ಟಿ ಸಲ್ಲಿಸಿದರು. ಅತ್ತೆಯವರದು ಕಡಿಮೆ ಇತ್ತು. ಆ ಅತ್ತೆ ಕಚೇರಿಯ ಅಧೀಕ್ಷಕರಾದ ಉಜ್ಜಿನಪ್ಪನವರಿಗೂ ಅತ್ತೆಯೇ ಆಗಬೇಕು. ಆದರೆ ಈ ಸಂಬಂಧಕ್ಕೂ ಖರೀದಿಗೂ ಸಂಬಂಧವಿಲ್ಲವೆಂದು ಉಜ್ಜಿನಪ್ಪನವರೇ ಸ್ವಹಸ್ತದಿಂದ ಕಡತದಲ್ಲಿ ಬರೆದಿದ್ದಾರೆ.

ಪುಡಿಯನ್ನು ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಬಂದಾಗ ಉಜ್ಜಿನಪ್ಪನವರು ಕನ್ನಡಕ ಏರಿಸಿ ಡಬ್ಬಿಯನ್ನು ಎರಡು ಸಲ ಓದಿದರು.

"ಹಿರೇಮದ್ದು ಅಂತ ಬರದಾರ. ಅಂದ್ರ ಹಿರೇರಿಗೆ ಮದ್ದು. ಸೇವಾಜ್ಯೇಷ್ಠತೆ ಪಟ್ಟಿ ತಗೀವಾ ಪುಷ್ಪಲತಾ."

"ಸರ, ಅದು ಗಿಡದ ಹೆಸರ್ರಿ. ನಮ್ಮ ಕೋಗಳ್ಯಾಗ ಹೊಲದ ಬದುವಿಗೆ ಬೆಳೀತೈತಿ. ಸಣ್ಣೋರು ದೊಡ್ಡೋರು ಎಲ್ಲಾರೂ ಹಿರೇಮದ್ದಿನ ಗಿಡ ಅಂತಾರ."

"ಬದುವಿನಾಗ ಏನರ ಅನ್ನಲಿ ತಂಗಿ. ಡಬ್ಬ್ಯಾಗ ಬಂದಮ್ಯಾಲೆ ಅದಕ್ಕ ಸೇವಾ ನಿಯಮ ಹತ್ತತಾವ."

ನಿಯಮಗಳು ಮರುದಿನವೇ ಸಿದ್ಧವಾದವು; ದಣಿವನ್ನು ರದ್ದುಪಡಿಸುವ ಆದೇಶವೂ ಅವುಗಳ ಜೊತೆಗೇ ಹೊರಟಿತು. ಹತ್ತು ವರ್ಷ ಸೇವೆ ಪೂರೈಸಿದವರು ಹಿರಿಯರು. ಹಿರಿಯರಿಗೆ ದಿನವೂ ಹನ್ನೊಂದು ಗಂಟೆಗೆ ಬಿಸಿಹಾಲಿನಲ್ಲಿ ಒಂದು ಚಮಚ. ಕಿರಿಯರಿಗಾಗಿ ಕಿರೇಮದ್ದು ಎಂಬುದೊಂದು ಮುಂದೆ ಮಂಜೂರಾದರೆ ಆಗ ಪರಿಶೀಲಿಸಲಾಗುವುದು. ಅಲ್ಲಿಯವರೆಗೆ, "ಕಚೇರಿಯ ಒಟ್ಟು ಶಕ್ತಿಯನ್ನು ಒಟ್ಟು ಸಿಬ್ಬಂದಿಯಿಂದ ಭಾಗಿಸಿದಾಗ ಬರುವ ಸರಾಸರಿ ಶಕ್ತಿಯು ಮದ್ದು ಸೇವಿಸದ ಸಿಬ್ಬಂದಿಗೂ ಅನ್ವಯಿಸತಕ್ಕದ್ದು." ಎಂಟು ಜನರಲ್ಲಿ ಏಳು ಜನ ಹಿರಿಯರಾದರು. ಪುಷ್ಪಲತಾಳ ಸೇವೆ ಒಂಬತ್ತು ವರ್ಷ ಏಳು ತಿಂಗಳು. ಐದೇ ತಿಂಗಳು ಕಮ್ಮಿ ಬಿತ್ತು.

ಇನ್ನು ಕಚೇರಿಯ ಹಿತ್ತಲಲ್ಲಿ, ನೀರಿನ ತೊಟ್ಟಿಯ ಪಕ್ಕ ಅದೇ ಜಾತಿಯ ಮೂರು ಗಿಡ ತಾವಾಗಿಯೇ ಬೆಳೆದು ನಿಂತಿದ್ದವು. ಅವು ಯಾವ ದರಪಟ್ಟಿಯನ್ನೂ ಸಲ್ಲಿಸಿರಲಿಲ್ಲ. ಅನಧಿಕೃತ ಚೈತನ್ಯವೆಂದು ಪರಿಗಣಿಸಿ ಅವನ್ನು ಕಿತ್ತು ಹಾಕಲು ಪಕ್ಕೀರಮ್ಮನಿಗೆ ಲಿಖಿತ ಸೂಚನೆ ಹೋಯಿತು. "ಓದಾಕ ಬರಂಗಿಲ್ಲ ಅಂತ ಹೇಳ್ರಿ," ಎಂದು ಅವಳು ಸೂಚನೆಯನ್ನು ವಾಪಸ್ ಕಳಿಸಿದಳು.

ಮೊದಲ ದಿನ ಹನ್ನೊಂದಕ್ಕೆ ಏಳೂ ಜನ ಹಾಲು ಕುಡಿದರು. ಹನ್ನೊಂದೂವರೆಗೆ ಏಳೂ ಜನ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದರು. ಪುಷ್ಪಲತಾ ಗಾಬರಿಯಾಗಿ ಹಾಲೇಶಪ್ಪನಿಗೆ ಫೋನು ಮಾಡಿದಳು.

"ಎಲ್ಲಾರೂ ಮಕ್ಕೊಂಡಾರ್ರಿ! ಗೊರಕಿ ಹೊಡ್ಯಾಕ ಹತ್ಯಾರ!"

"ಅಂಜಬ್ಯಾಡ್ರಿ ಮೇಡಂ. ಬೇರು ಅಂದ್ರ ಬೇರಲ್ಲೇನ್ರಿ? ಮೊದಲ ಕೆಳಕ್ಕ ಇಳೀತೈತಿ. ಶಕ್ತಿ ಆಮ್ಯಾಲೆ ಮ್ಯಾಲಕ್ಕ ಬರತೈತಿ. ಎಬ್ಬಿಸಿದ್ರ ನಡಬರಕ ನಿಂತುಬಿಡತೈತಿ ನೋಡ್ರಿ."

ಅಂದಿನಿಂದ ಹನ್ನೊಂದೂವರೆಯಿಂದ ನಾಲ್ಕೂವರೆಯವರೆಗಿನ ಅವಧಿಗೆ ಕಡತಗಳಲ್ಲಿ ಶಕ್ತಿ ಸಂಚಯನ ಎಂದು ನಮೂದಿಸುವ ಕ್ರಮ ಬಂತು. ಲೇಖನ ಸಾಮಗ್ರಿಯ ಬಾಬಿನಲ್ಲಿ ಏಳು ದಿಂಬು ಬಂದವು. ಬಾಗಿಲಿಗೆ ಫಲಕವೂ ಬಂತು: "ಶಕ್ತಿ ಸಂಚಯನ ನಡೆದಿದೆ. ಸಾರ್ವಜನಿಕರು ಸದ್ದು ಮಾಡಬಾರದು." ಸಾರ್ವಜನಿಕರು ಚಪ್ಪಲಿ ಕೆಳಗೇ ಬಿಟ್ಟು ಬರಿಗಾಲಲ್ಲಿ ಮೆಟ್ಟಿಲು ಹತ್ತತೊಡಗಿದರು. ಹತ್ತಿದವರು ಎಚ್ಚರವಿದ್ದ ಒಂದೇ ಮೇಜಿನ ಹತ್ತಿರ ಬಂದು ಪಿಸುಮಾತಿನಲ್ಲಿ ಅಹವಾಲು ಹೇಳುತ್ತಿದ್ದರು. ಆ ಮೇಜು ಪುಷ್ಪಲತಾಳದು. ಐದೂ ತಾಲ್ಲೂಕಿನ ಕಡತಗಳು ಅವಳ ಮುಂದೆಯೇ ಬಂದು ಬೀಳತೊಡಗಿದವು.

ರಜೆಯ ಅರ್ಜಿಗೆ ಹಿಂಬರಹ ಬಂದದ್ದು ಇದೇ ವಾರದಲ್ಲಿ. "ತಮ್ಮ ಅರ್ಜಿಯಲ್ಲಿ ಕಾರಣ ದಣಿವು ಎಂದಿದೆ. ಸದರಿ ದಣಿವು ಈ ಕಚೇರಿಯಲ್ಲಿ ಅಸ್ತಿತ್ವದಲ್ಲಿಲ್ಲ. ತಮಗೆ ಸರಾಸರಿ ಶಕ್ತಿಯನ್ನು ಈಗಾಗಲೇ ಹಂಚಿಕೆ ಮಾಡಲಾಗಿದೆ. ಅರ್ಜಿಯನ್ನು ವಿಲೇ ಮಾಡಿದೆ." ಆ ಹಿಂಬರಹವನ್ನು ಟೈಪು ಮಾಡಿದವಳೂ ಅವಳೇ, ಬೇರೆ ಯಾರೂ ಎಚ್ಚರವಿರಲಿಲ್ಲ.

ಪಕ್ಕೀರಮ್ಮ ಚಹಾ ತಂದಿಟ್ಟು ಅವಳ ಮುಖ ನೋಡಿದಳು. "ಮೇಡಮ್ಮಾರ, ರಜಾ ಕೇಳಬ್ಯಾಡ್ರಿ, ಮದ್ದು ಕೇಳ್ರಿ. ಒಂದ್ ತಾಸರ ಮಕ್ಕೊಂಡು ಏಳ್ತೀರಿ."

"ನನಗ ಇನ್ನಾ ಐದು ತಿಂಗಳು ಐತಿ ಪಕ್ಕೀರಕ್ಕ."

"ಅಲ್ಲೀತನಕ ಇರಬೇಕಲ್ರಿ!" ಎಂದು ಪಕ್ಕೀರಮ್ಮ ಸಿಟ್ಟಿನಿಂದ ಲೋಟ ಕುಕ್ಕಿದಳು. ಲೋಟದ ಸದ್ದಿಗೆ ಮೂಲೆಯಲ್ಲಿ ಯಾರದೋ ಸಂಚಯನಕ್ಕೆ ಭಂಗವಾಯಿತು. ಅದಕ್ಕಾಗಿ ಅವಳಿಗೆ ನೋಟಿಸು ಕೊಡಲಾಯಿತು. ಅದನ್ನೂ ಅವಳು ಓದಲಿಲ್ಲ.

ಆಗಸ್ಟಿನಲ್ಲಿ ಮೇಲಿನ ಕಚೇರಿಯಿಂದ ಪರಿಶೀಲನಾಧಿಕಾರಿ ಮರುಳಪ್ಪನವರು ಬಂದರು. ಮೇ ತಿಂಗಳಲ್ಲಿ ಮುಂದಕ್ಕೆ ಹೋದ ಕಡತಗಳು ತೊಂಬತ್ತಾರು; ಜುಲೈನಲ್ಲಿ ನಾನೂರ ಹನ್ನೊಂದು. ಮರುಳಪ್ಪನವರು ವಹಿ ನೋಡಿದರು, ಮಲಗಿದ್ದವರನ್ನು ನೋಡಿದರು, ಮತ್ತೆ ವಹಿ ನೋಡಿದರು.

"ಮಕ್ಕೊಂಡ ಇಷ್ಟು ಕೆಲಸ ಅಂದ್ರ, ಎದ್ರ ಎಷ್ಟಾದೀತ್ರಿ?"

ತಪಾಸಣೆಗೆಂದು ಅಂದು ಅರ್ಧ ಚಮಚವಷ್ಟೇ ಸೇವಿಸಿದ್ದ ಗವಿಸಿದ್ದೇಶ್ ಸಾಹೇಬರು, "ಎಬ್ಬಿಸೋ ಧೈರ್ಯ ನಾವು ಮಾಡಿಲ್ಲ ಸರ," ಎಂದು ವಿನಯದಿಂದ ಹೇಳಿದರು.

ನಾನೂರ ಹನ್ನೊಂದು ಪತ್ರಗಳ ಮೂಲೆಯಲ್ಲೂ "ಪು" ಎಂದು ಒಂದೇ ಕಿರುಸಹಿ ಇತ್ತು. ಇದೇನೆಂದು ಮರುಳಪ್ಪನವರು ಬೆರಳಿಟ್ಟು ಕೇಳಿದರು.

"ಪುಡಿ ಸರ," ಎಂದರು ಆಗಷ್ಟೇ ಎದ್ದಿದ್ದ ಉಜ್ಜಿನಪ್ಪನವರು. "ಪುಡಿ ತಗೊಂಡು ಮಾಡಿದ ಕೆಲಸ ಅಂತ ಗುರುತು."

ಪುಷ್ಪಲತಾ ಮೇಜು ಹಿಡಿದುಕೊಂಡು ಎದ್ದು ನಿಂತಳು. ಒಂಬತ್ತು ವರ್ಷದಲ್ಲಿ ಅವಳು ಮೇಲಿನ ಕಚೇರಿಯವರ ಮುಂದೆ ತಾನಾಗಿ ಮಾತಾಡಿದ್ದು ಇದೇ ಮೊದಲು. "ಸರ, ಆ ಪು ನಾನ್ರಿ."

"ಹೌದಾ? ನೀವೂ ಪುಡಿ ತಗೋತೀರೇನು?"

"ಇಲ್ರಿ."

"ಮತ್ತ ನಿಮಗ ಶಕ್ತಿ ಎಲ್ಲಿಂದ ಬಂತು?"

"ಬಂದಿಲ್ರಿ ಸರ. ಮೆಟ್ಟಿಲು ಹತ್ತಾಕ ಆಗವಲ್ದು. ಒಂದ ದಿನ ಬಿಟ್ರ ಹೊಸಪೇಟಿಗೆ ಹೋಗಿ ರಕ್ತ ಪರೀಕ್ಷಾ ಮಾಡಿಸಿಕೊಂಡು ಬರ್ತೀನ್ರಿ." ಇಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಡಾಕ್ಟರ ಚೀಟಿಯನ್ನು ಮುಂದೆ ಚಾಚಿದಳು. ಬ್ಯಾಗಿನಲ್ಲಿ ಇಟ್ಟೂ ಇಟ್ಟೂ ಅದರ ಮಡಿಕೆ ಹರಿದಿತ್ತು.

ಮರುಳಪ್ಪನವರು ಒಳ್ಳೆಯ ಮನುಷ್ಯ. ಚೀಟಿಯನ್ನು ಪೂರ್ತಿ ಓದಿದರು. "ಬೇರಿನ ಪ್ರಭಾವವು ಸೇವಿಸದ ಸಿಬ್ಬಂದಿಗೂ ಗಾಳಿಯ ಮೂಲಕ ಹರಡಿರುವುದು ಕಂಡುಬಂದಿದೆ," ಎಂದು ವರದಿಯಲ್ಲಿ ಬರೆದುಕೊಂಡು, "ಪರೀಕ್ಷಾ ಆಗಬೇಕ್ರಿ. ಇದೇ ವಾರ ಆಗಬೇಕು," ಎಂದು ಅಲ್ಲೇ ಆದೇಶ ಮಾಡಿದರು. ಪುಷ್ಪಲತಾ ಕೈಮುಗಿದಳು. ಅಂದು ಕೆಳಗಿಳಿಯುವಾಗ ಮೆಟ್ಟಿಲುಗಳು ಏಳೇ ಇವೆಯೇನೋ ಎನ್ನಿಸಿತು.

ಶುಕ್ರವಾರ ಬೆಳಿಗ್ಗೆ ಅವಳು ಚಹಾ ಕೂಡ ಕುಡಿಯದೆ, ಆದೇಶದ ಜೊತೆ ಕಡತ ಸೇರಿದ್ದ ಚೀಟಿ ಒಯ್ಯಲೆಂದು, ಏಳೂವರೆಗೆ ಕೊಟ್ಟೂರಿಗೆ ಬಂದಳು. ಕಚೇರಿಯ ಮುಂದೆ ಜೀಪು ನಿಂತಿತ್ತು. ಮುಂದಿನ ಸೀಟಿನಲ್ಲಿ ಉಜ್ಜಿನಪ್ಪನವರು ವಿಭೂತಿ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು, ತೋಳು ಮಡಚಿ ಕೂತಿದ್ದರು. ಅವರ ಕೈಯಲ್ಲಿ ಅವಳ ಚೀಟಿಯಿತ್ತು.

"ಸರ, ನೀವೂ ಬರ್ತೀರೇನ್ರಿ?"

"ನಾನ ಹೋಗೂದು. ಕಚೇರಿ ಪರವಾಗಿ ರಕ್ತ ಪರೀಕ್ಷಾ ಅಂತ ಐತಿ ಆದೇಶದಾಗ. ಯೋಜನಾ ಒಳಗ ಏನ ಬರಲಿ, ಜ್ಯೇಷ್ಠತೆ ಪ್ರಕಾರ ಬರಬೇಕು. ಸಾಹೇಬ್ರಿಗೆ ಸೂಜಿ ಅಂದ್ರ ಅಂಜಿಕಿ, ಹಿಂಗಾಗಿ ನನಗ ಬಂತು."

"ಜಡ್ಡು ನಂದ್ರಿ ಸರ. ರಕ್ತ ನಾನ ಕೊಡಬೇಕಲ್ರಿ."

"ನೀ ಹೋದ್ರ ಕಚೇರಿ ಯಾರು ತಗೀಬೇಕು? ಕೀಲಿ ಹಿಡಿ."

ಅವಳು ಕೀಲಿ ಹಿಡಿದುಕೊಂಡಳು. ಕೊನೆಗೆ, "ಖಾಲಿ ಹೊಟ್ಟಿಲೆ ಕೊಡಬೇಕಂತ್ರಿ," ಎಂದಳು.

"ನೀ ಏನೂ ತಿಂದಿಲ್ಲಲ್ಲ? ನಾ ಎರಡು ದ್ವಾಸಿ ತಿಂದೀನಿ. ಸರಾಸರಿ ಆಗತೈತಿ ಬಿಡವಾ," ಎಂದು ಉಜ್ಜಿನಪ್ಪನವರು ಧೈರ್ಯ ತುಂಬಿದರು. ಜೀಪು ಹೊರಟಿತು.

ವರದಿ ಸೋಮವಾರದ ಟಪಾಲಿಗೆ ಬಂತು. ಅದನ್ನು ಒಡೆದು, ಸ್ವೀಕೃತಿ ಸಂಖ್ಯೆ ಹಾಕಿದವಳು ಪುಷ್ಪಲತಾ. ಹೆಸರು ಉಜ್ಜಿನಪ್ಪ, ಐವತ್ತೆಂಟು ವರ್ಷ, ಗಂಡು. ಥೈರಾಯ್ಡ್ ಸಹಜವಾಗಿತ್ತು. ಗವಿಸಿದ್ದೇಶ್ ಸಾಹೇಬರು ಅದರ ಬೆನ್ನಿಗೆ ಹಸಿರು ಶಾಯಿಯಲ್ಲಿ ಬರೆದರು: "ಶ್ರೀಮತಿ ಪುಷ್ಪಲತಾ ಅವರ ರಕ್ತ ಸಹಜವಾಗಿದ್ದು ಹಾರ್ಮೋನುಗಳು ಸಮತೋಲನದಲ್ಲಿವೆ. ಕಡತ ಮುಕ್ತಾಯಗೊಳಿಸಿದೆ." ಅವಳಿಗೊಂದು ಪ್ರತಿ ಕೊಟ್ಟರು. ಎಲ್ಲರೂ ಬಂದು ಒಳ್ಳೆಯದಾಯಿತು ಎಂದರು. ಕೆಳಗಿನಿಂದ ಮಂಡಕ್ಕಿ ಮಿರ್ಚಿ ತರಿಸಿದರು. ಸೂಜಿ ಚುಚ್ಚಿದ ಜಾಗವನ್ನು ಉಜ್ಜಿನಪ್ಪನವರು ಎಲ್ಲರಿಗೂ ತೋರಿಸಿದರು. ತನಗಾಗಿ ಇಷ್ಟು ಮಾಡಿದರಲ್ಲ ಎಂದು ಪುಷ್ಪಲತಾಳಿಗೇ ಸಂಕೋಚವಾಯಿತು. ಸಿಟ್ಟು ಮಾಡಿಕೊಂಡಿದ್ದ ಪಕ್ಕೀರಮ್ಮ ಕೂಡ ಹಸಿರು ಶಾಯಿ ನೋಡಿ, "ಸಾಹೇಬ್ರು ಬರದಾರಂದ್ರ ಹಂಗ ಇರಬೇಕು ತಗೋರಿ," ಎಂದು ಅವಳಿಗೊಂದು ಮಿರ್ಚಿ ಹೆಚ್ಚಿಗೆ ಹಾಕಿದಳು.

ಮರುದಿನ ಮಧ್ಯಾಹ್ನ ಪುಷ್ಪಲತಾ ಟಪಾಲು ಹಾಕಿ ಬಂದು ಮೆಟ್ಟಿಲು ಹತ್ತುತ್ತಿರುವಾಗ ಅವ್ವ ಕೊಟ್ರಬಸಮ್ಮನ ಫೋನು ಬಂತು. ಅವಳು ಐದನೆಯ ಮೆಟ್ಟಿಲಿಗೇ ಕೂತುಬಿಟ್ಟಳು. ಏಳನೆಯದು ಈಚೆಗೆ ಸಿಗುತ್ತಿರಲಿಲ್ಲ.

"ರಕ್ತದ್ದು ಏನಾತವಾ?"

ಪುಷ್ಪಲತಾ ಬ್ಯಾಗಿನಿಂದ ವರದಿ ತೆಗೆದು ಇನ್ನೊಮ್ಮೆ ನೋಡಿದಳು. "ನಾರ್ಮಲ್ ಐತಂತಬೇ."

"ಸ್ವಾಮಿ ಕೊಟ್ರಯ್ಯ ಕಾಯ್ದ ನೋಡು. ನಾ ಎಷ್ಟು ಅಂಜಿದ್ದೆ."

"ನಾನೂ ಅಂಜಿದ್ದೆಬೇ," ಎಂದಳು ಅವಳು. ಅದು ನಿಜವೂ ಆಗಿತ್ತು. ಫೋನಿಟ್ಟ ಮೇಲೆ ಮೊಣಕಾಲು ಹಿಡಿದು ಏಳಲು ನೋಡಿದಳು, ಆಗಲಿಲ್ಲ. ಸರಾಸರಿ ಶಕ್ತಿ ಬರಲೆಂದು ಐದು ನಿಮಿಷ ಕಾದಳು. ಬಂದಿದೆ ಎಂದು ಪರಿಗಣಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಉಳಿದ ಒಂಬತ್ತು ಮೆಟ್ಟಿಲು ಹತ್ತಿದಳು.