ನಾಲ್ಕು ತಲೆಮಾರಿನ ಬೆಕ್ಕು

೨೦೧೯ರ ಮಾರ್ಚ್ ೧೬, ಶನಿವಾರ, ಬೆಳಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ತೂಕದ ಯಂತ್ರಗಳನ್ನು ಪರೀಕ್ಷಿಸುವ ಪ್ರಯೋಗಾಲಯದ ಸಾಹೇಬರು ಹೆಂಡತಿಸಮೇತ ಬಂದು, ತಮ್ಮ ಹಂಗಾಮಿ ನೌಕರನ ಮನೆಯಲ್ಲಿ ಒಂದು ಪರ್ಷಿಯನ್ ಬೆಕ್ಕನ್ನು ಇಳಿಸಿದರು.

ಗಂಟೆ ಎಷ್ಟೆಂದು ಕೇಳಿದರೆ ಸೆಕೆಂಡು ಸೇರಿಸಿ ಹೇಳುವ ಈ ನೌಕರನಿಗೆ ಸಹೋದ್ಯೋಗಿಗಳು ಮಿಲಿಗ್ರಾಂ ಎಂದು ಹೆಸರಿಟ್ಟಿದ್ದರು. ಎಂಟು ವರ್ಷದಿಂದ ಅವನು ಹಂಗಾಮಿ. ಅವನನ್ನು ಕಾಯಂ ಮಾಡುವ ಕಡತ ಮೂರು ವಾರದಿಂದ ಸಾಹೇಬರ ಬ್ಯಾಗಿನಲ್ಲೇ ಸವಾರಿ ಮಾಡುತ್ತಿತ್ತು.

"ಸಂಜೆ ಆರಕ್ಕೆ ಬರ್ತೀವಿ. ಬೆಕ್ಕು ಸುರಕ್ಷಿತವಾಗಿ ಕೈಗೆ ಸಿಗ್ಲಿ, ಇಲ್ಲೇ ನಿಂತ್ಕೊಂಡು ಸಹಿ ಹಾಕ್ತೀನಿ," ಎಂದರು ಸಾಹೇಬರು.

"ತುಂಬಾ ಸಾಧು ಕಣಪ್ಪ," ಎಂದರು ಹೆಂಡತಿ. "ಹೊಸ್ತಿಲು ದಾಟಿದ್ದಿಲ್ಲ. ಬೀದಿ ಬೆಕ್ಕುಗಳ ಕಡೆ ಕಣ್ಣೆತ್ತಿ ಕೂಡ ನೋಡಲ್ಲ. ತಳಿನೇ ಹಾಗೆ."

ಜೊತೆಗೆ ವಂಶಾವಳಿಯ ಪ್ರತಿಯನ್ನೂ ಕೊಟ್ಟರು. ಅದರಲ್ಲಿ ಬೆಕ್ಕಿನ ನಾಲ್ಕು ತಲೆಮಾರಿನ ಹೆಸರುಗಳಿದ್ದವು. ಮಿಲಿಗ್ರಾಂಗೆ ತನ್ನ ಮುತ್ತಜ್ಜನ ಹೆಸರೇ ಗೊತ್ತಿರಲಿಲ್ಲ.

ಬೆಕ್ಕು ಅಚ್ಚ ಬಿಳಿ. ಮೈತುಂಬ ಗೇಣುದ್ದದ ಕೂದಲು, ತಟ್ಟೆಯಂಥ ಮುಖ, ಆ ಮುಖದ ನಡುವೆ ಗುಂಡಿ ಒತ್ತಿದಂತೆ ಮೂಗು. ಕಂದಾಯದ ಕಚೇರಿಯಲ್ಲಿ ಊಟದ ಹೊತ್ತಿಗೆ ಹೋದವರನ್ನು ಗುಮಾಸ್ತ ನೋಡುವಂತೆ ಅದು ಅವನನ್ನು ನೋಡಿತು.

ಮೊದಲು ಬಂದವರು ಎದುರುಮನೆಯ ನಿವೃತ್ತ ಕಾಂಪೌಂಡರ್ ಮಾವ.

"ಅಯ್ಯೋ, ಇದರ ಮೂಗು ಒಳಗೆ ಹೋಗಿದೆಯಲ್ಲೋ! ಯಾವ ಗೋಡೆಗೆ ಗುದ್ದಿಸಿದೆ?"

"ಇಲ್ಲ ಮಾವ, ಹುಟ್ಟೋದೇ ಹಾಗೆ."

"ಹುಟ್ಟೋದೇ ಹಾಗೆ ಅಂತ ಮುಚ್ಚಾಕಬೇಡ. ಕಣ್ಣಲ್ಲಿ ನೀರು ಬೇರೆ ಬರ್ತಿದೆ. ಪಾಪ, ನೋವು ತಿಂದು ಅಳ್ತಿದೆ."

ಮಾವನ ಗಂಟಲು ಕೇಳಿ ಕೆಳಮನೆಯ ಟೈಲರ್ ಅಕ್ಕ ಕೊರಳಲ್ಲಿದ್ದ ಅಳತೆ ಟೇಪಿನ ಸಮೇತ ಹತ್ತಿ ಬಂದರು. ಬೆಕ್ಕಿನ ಕೂದಲೊಳಗೆ ಕೈಯಾಡಿಸಿ ಹುಬ್ಬೇರಿಸಿದರು. "ಹೊಟ್ಟೆ ನೋಡು, ತಮಟೆ ಆಗಿದೆ! ಏನು ತಿನ್ನಿಸಿದೆ?"

"ಅವರೇ ಕೊಟ್ಟ ಬಿಸ್ಕತ್ತು, ಹದಿನೆಂಟು ಗ್ರಾಂ."

"ಅಜೀರ್ಣ," ಎಂದು ಮಾವ ತೀರ್ಪು ಕೊಟ್ಟರು. "ನನ್ನ ಹತ್ರ ಔಷಧಿ ಇದೆ."

ಔಷಧಿಯ ಚಮಚ ಮುಖದ ಹತ್ತಿರ ಬಂದದ್ದೇ ತಡ, ತಳಿಯ ಸಾಧುತನ ಕೊನೆಗೊಂಡಿತು. ಚಮಚ ಗಡಿಯಾರಕ್ಕೆ ಬಡಿಯಿತು; ಔಷಧಿ ಮಾವನ ಕನ್ನಡಕಕ್ಕೆ ಅಭಿಷೇಕವಾಯಿತು. ಬೆಕ್ಕು ಟೈಲರ್ ಅಕ್ಕನ ಹೆಗಲನ್ನು ಮೆಟ್ಟಿಲು ಮಾಡಿಕೊಂಡು ಪರದೆಗೆ ಜಿಗಿದು, ಪರದೆಯೊಂದಿಗೇ ಕೆಳಗಿಳಿದು, ತೆರೆದಿದ್ದ ಬೀರುವಿನೊಳಗೆ ನುಗ್ಗಿತು. ಇಸ್ತ್ರಿ ಮಾಡಿದ ಆರು ಅಂಗಿಗಳ ಹಿಂದಿನಿಂದ, ಹಳೆಯ ಸ್ಕೂಟರ್ ಚಾಲೂ ಆಗುವಂಥ ಗುರುಗುಟ್ಟುವಿಕೆ ಬಂತು.

"ಪ್ರಾಣ ಹೋಗೋ ಮುಂಚೆ ಹೀಗೇ ಆಡೋದು," ಎಂದರು ಮಾವ, ಕನ್ನಡಕ ಒರೆಸುತ್ತ.

"ಬಿಡ್ತು ಅನ್ನಿ ಮಾವ!" ಎಂದ ಮಿಲಿಗ್ರಾಂ. "ಅದು ಹೋದ್ರೆ ನನ್ನ ಎಂಟು ವರ್ಷ ಹೋಯ್ತು."

ಕೈ ಹಾಕಿದಾಗ ಮೂರು ಗೀರು. ಹಾಲು ತೋರಿಸಿದಾಗ ಇನ್ನೆರಡು. ಮಧ್ಯಾಹ್ನವಿಡೀ ಅವನು ಬೀರುವಿನ ಮುಂದೆ ಮಂಡಿಯೂರಿ ಕುಳಿತು, ಕಚೇರಿಯಲ್ಲಿ ಸಾಹೇಬರನ್ನು ಮಾತಾಡಿಸುವ ದನಿಯಲ್ಲೇ ಬೆಕ್ಕನ್ನೂ ಮಾತಾಡಿಸಿದ. ಒಳಗಿನಿಂದ ಉತ್ತರವಿಲ್ಲ. ಅದೂ ಕಚೇರಿಯ ರೂಢಿಯೇ.

ಸಾಹೇಬರು ಐದೂಕಾಲಿಗೇ ಬಂದುಬಿಟ್ಟರು.

"ಎಲ್ಲಿ ನಮ್ಮ ಚಿನ್ನ?" ಎಂದು ಹೆಂಡತಿ ಕೇಳಿದರು. ಮಿಲಿಗ್ರಾಂ ಬೀರು ತೋರಿಸಿದ. ಅವರು ಅಂಗಿಗಳನ್ನು ಸರಿಸಿದರು.

ಚಿನ್ನ ಅಡ್ಡ ಮಲಗಿತ್ತು. ಅದರ ಹೊಟ್ಟೆಗೆ ನಾಲ್ಕು ಮರಿಗಳು ಅಂಟಿಕೊಂಡಿದ್ದವು. ನಾಲ್ಕಕ್ಕೂ ಬೂದು ಪಟ್ಟೆ. ನಾಲ್ಕಕ್ಕೂ ಬೀದಿಯಲ್ಲಿ ಸಿಗುವಂಥ ಉದ್ದ ಮೂಗು.

"ಅಜೀರ್ಣ ಅಲ್ಲ ಹಾಗಾದ್ರೆ," ಎಂದರು ಕಾಂಪೌಂಡರ್ ಮಾವ.

"ಸುರಕ್ಷಿತವಾಗಿದೆ ಸಾರ್," ಎಂದರು ಟೈಲರ್ ಅಕ್ಕ. "ಕೊಟ್ಟಿದ್ದಕ್ಕಿಂತ ನಾಲ್ಕು ಜಾಸ್ತೀನೇ ಇದೆ."

ಸಾಹೇಬರ ಮುಖ ಕೆಂಡವಾಯಿತು. "ಏನಯ್ಯಾ ಇದು? ಒಂದು ದಿನ ನೋಡ್ಕೋ ಅಂದ್ರೆ ಎಂಥ ಬೀದಿ ಬೆಕ್ಕಿನ ಸಹವಾಸ ಮಾಡಿಸಿದೀಯ! ನಾಲ್ಕು ತಲೆಮಾರಿನ ಮರ್ಯಾದೆ ಹಾಳಾಯ್ತು. ನಿನ್ನ ಕಾಯಂ ಮಾಡ್ಬೇಕಾ ನಾನು?"

ಮಿಲಿಗ್ರಾಂ ತಲೆ ತಗ್ಗಿಸಿದ್ದರೆ ಬದುಕುತ್ತಿದ್ದ. ಆದರೆ ಲೆಕ್ಕ ತಪ್ಪಿದ್ದನ್ನು ಕೇಳಿ ಸುಮ್ಮನಿರುವುದು ಅವನ ಜಾಯಮಾನವಲ್ಲ.

"ಸಾರ್, ಬೆಕ್ಕಿನ ಗರ್ಭ ಸುಮಾರು ಅರವತ್ತಮೂರರಿಂದ ಅರವತ್ತೇಳು ದಿನ. ಇದು ನನ್ನ ಹತ್ರ ಇದ್ದಿದ್ದು ಎಂಟು ಗಂಟೆ ಮೂವತ್ತೈದು ನಿಮಿಷ. ಹಿಂದಕ್ಕೆ ಎಣಿಸಿದ್ರೆ ಜನವರಿ ಎಂಟರಿಂದ ಹನ್ನೆರಡರ ಒಳಗೆ."

ಕಾಂಪೌಂಡರ್ ಮಾವ ತಲೆದೂಗಿದರು. ಟೈಲರ್ ಅಕ್ಕ ಬೆರಳು ಮಡಚಿ ಎಣಿಸಿ, "ಸರಿಯಾಗೇ ಇದೆ," ಎಂದರು. ಜೀವಮಾನದಲ್ಲಿ ಮೊದಲ ಸಲ ವಾದವೊಂದನ್ನು ಗೆದ್ದ ಹಿಗ್ಗಿನಲ್ಲಿ ಮಿಲಿಗ್ರಾಂ ಬೆನ್ನು ನೆಟ್ಟಗೆ ಮಾಡಿಕೊಂಡ.

ಸಾಹೇಬರ ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದರು.

"ಜನವರಿ ಎಂಟು? ನಾನು ತಂಗಿ ಬಾಣಂತನಕ್ಕೆ ಹೋಗಿದ್ದೆನಲ್ಲ ಆ ವಾರ? ದಿನಾ ಫೋನಲ್ಲಿ ಹೇಳ್ತಿದ್ರಿ, ಮನೆ ಬಿಟ್ಟು ಕದಲಿಲ್ಲ, ಬೆಕ್ಕನ್ನ ತೊಡೆ ಮೇಲಿಂದ ಇಳಿಸಿಲ್ಲ ಅಂತ. ಬಾಗಿಲು ತೆರೆದಿಟ್ಟು ಎಲ್ಲಿಗೆ ಹೋಗಿದ್ರಿ ರೀ?"

ಸಾಹೇಬರು ಬೀರುವನ್ನು ನೋಡಿದರು, ಹರಿದ ಪರದೆಯನ್ನು ನೋಡಿದರು, ಕೊನೆಗೆ ಮಿಲಿಗ್ರಾಂನನ್ನು ನೋಡಿದರು. ಬ್ಯಾಗಿನಿಂದ ಕಡತ ತೆಗೆದು, ಒಂದು ಸಾಲು ಬರೆದು, ಸಹಿ ಹಾಕಿ ಅವನ ಕೈಗಿತ್ತರು: "ಕೆಲಸದಲ್ಲಿ ನಿಖರತೆ ಸಾಲದು. ಇನ್ನೂ ಎರಡು ವರ್ಷ ಹಂಗಾಮಿಯಾಗಿ ಮುಂದುವರಿಸಬಹುದು."

ಮರಿಗಳು ದೊಡ್ಡವಾಗುವವರೆಗೆ ತಾಯಿಯನ್ನು ಕದಲಿಸಬಾರದೆಂದು ಹೆಂಡತಿ ಅಪ್ಪಣೆ ಮಾಡಿದರು. ಆಮೇಲೆ ತಾಯಿಯನ್ನು ಕರೆದೊಯ್ಯುತ್ತಾರಂತೆ, ಮರಿಗಳು ಅವನಿಗೇ.

ಎಲ್ಲರೂ ಹೋದ ಮೇಲೆ ಮಿಲಿಗ್ರಾಂ ಅಡಿಗೆಮನೆಯ ತಕ್ಕಡಿಯ ಮೇಲೆ ಬಟ್ಟೆ ಹಾಸಿ, ಅದರ ತೂಕ ಕಳೆದು, ಮರಿಗಳನ್ನು ಒಟ್ಟಿಗೆ ಇಟ್ಟು ತೂಗಿದ. ನಾನೂರ ಹನ್ನೆರಡು ಗ್ರಾಂ.