ಉಕ್ಕಿನ ಗೂಬೆಗೊಂದು ಸಲಹೆ

ಹಲ್ಲುಜ್ಜುತ್ತ ಫೋನು ನೋಡುವ ಚಟವಿಲ್ಲದಿದ್ದರೆ ಗುಡುಗಪ್ಪನಿಗೆ ಆ ದಿನ ನೆಟ್ಟಗೇ ಕಳೆಯುತ್ತಿತ್ತು. ನೋಡಿದ. ಬಾಯಲ್ಲಿದ್ದ ನೊರೆ ಕನ್ನಡಿಗೆ ಹಾರಿತು.

‘ಉಕ್ಕಿನ ಗೂಬೆ’ ಎಂಬ ಹೆವಿ ಮೆಟಲ್ ತಂಡದ ಅಭಿಮಾನಿ ಸಂಘದವರು ಚೀಟಿ ಎತ್ತಿದ್ದರು. ಇವನ ಹೆಸರು ಬಂದಿತ್ತು! ಹನ್ನೊಂದು ಗಂಟೆಗೆ ತಂಡದ ಹಾಡುಗಾರ ತಾನೇ ವಿಡಿಯೋ ಕರೆ ಮಾಡಿ, ಹೊಸ ಆಲ್ಬಂನ ಮೊದಲ ಹಾಡು ಕೇಳಿಸಿ, ಇವನ ಅಭಿಪ್ರಾಯ ಕೇಳುವವನಿದ್ದ.

ಗೂಬೆಯ ಹಿಂದಿನ ಆಲ್ಬಂ ಬಂದು ಹದಿನಾಲ್ಕು ವರ್ಷವಾಗಿತ್ತು. ಅಷ್ಟರಲ್ಲಿ ಡ್ರಮ್ಮಿನವನ ಎರಡೂ ಮಂಡಿ ಬದಲಾಗಿದ್ದವು, ಗಿಟಾರಿನವನಿಗೆ ಕಿವಿ ಕೇಳಿಸುತ್ತಿರಲಿಲ್ಲ, ಹಾಡುಗಾರನ ನೀಳಗೂದಲು ಟೋಪಿ ತೆಗೆದರೆ ಅದರ ಜತೆಗೇ ಬರುತ್ತಿತ್ತು. ಇದಾವುದೂ ಗುಡುಗಪ್ಪನ ತಲೆಗೆ ಹೋಗಿರಲಿಲ್ಲ. ಐವತ್ತೊಂದರ ಆ ತಲೆಯೂ ಮುಂದೆ ಬೋಳಾಗಿ, ಹಿಂದೆ ಇಲಿಬಾಲದಂಥ ಜುಟ್ಟನ್ನಷ್ಟೇ ಉಳಿಸಿಕೊಂಡಿತ್ತು. ಅವನ ಕಪ್ಪು ಅಂಗಿಯ ಮೇಲಿನ ಗೂಬೆ ಒಗೆದೂ ಒಗೆದೂ ಕಾವಿಗೆ ಕೂತ ಕೋಳಿಯಂತಾಗಿತ್ತು.

ಮುಂದಿನ ಆಲ್ಬಂ ಹೇಗಿರಬೇಕೆಂದು ಅವನೊಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಒಟ್ಟು ನಲವತ್ತಮೂರು ಬೇಡಿಕೆ. ಡ್ರಮ್ಮಿಗೆ ಕಿವಿತಮಟೆ ಹರಿಯಬೇಕು. ಪ್ರೀತಿ ಗೀತಿ ಕೂಡದು. ಪಿಯಾನೋ ತಂದವನನ್ನು ತಂಡದಿಂದ ಓಡಿಸಬೇಕು.

“ಆ ಮುದುಕರಿಗೆ ಕಿರುಚೋಕೆ ಇನ್ನೂ ಉಸಿರಿದೆಯೇನ್ರಿ?” ಎಂದಳು ಹೆಂಡತಿ.

“ನಿನಗೆ ಸಂಗೀತದ ಗಂಧ ಗಾಳಿ ಇಲ್ಲ, ಸುಮ್ನಿರು,” ಎಂದ ಇವನು. ಜಗತ್ತಿನಲ್ಲಿ ಸಂಗೀತ ಗೊತ್ತಿರುವವರು ಐದು ಜನ, ಅದರಲ್ಲಿ ನಾಲ್ವರು ಗೂಬೆಯಲ್ಲಿದ್ದಾರೆ ಎಂಬುದು ಅವನ ಖಚಿತ ನಂಬಿಕೆ.

ಇಂಥವನಿಗೆ ಹೊಟ್ಟೆಪಾಡಿನ ಕೆಲಸ ಸಿಕ್ಕಿದ್ದು ಸಾರ್ವಜನಿಕ ಗ್ರಂಥಾಲಯದಲ್ಲಿ. ದಿನವಿಡೀ ಮೇಜಿನಿಂದ ಮೇಜಿಗೆ ಹೋಗಿ ‘ಶ್!’ ಅನ್ನುವುದೇ ಅವನ ನೌಕರಿ. ಗುಡುಗಪ್ಪ ಎಂಬ ಹೆಸರನ್ನು ಸಹೋದ್ಯೋಗಿಗಳು ಬೇಕೆಂದೇ ಇಟ್ಟಿದ್ದರು.

“ಮೇಡಂ, ಒಂದರ್ಧ ದಿನ ರಜೆ...” ಎಂದು ಗ್ರಂಥಪಾಲಕಿಯ ಮುಂದೆ ಹಲ್ಲು ಗಿಂಜಿದ.

“ರಜೆ ಗಿಜೆ ಅಂದ್ರೆ ನೋಡಿ ಮತ್ತೆ! ಹನ್ನೊಂದಕ್ಕೆ ಮೇಲಧಿಕಾರಿಗಳು ಬರ್ತಿದ್ದಾರೆ. ಸೂಜಿ ಬಿದ್ದ ಸದ್ದೂ ಕೇಳಿಸ್ಬಾರದು.”

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಗುಡುಗಪ್ಪ ಹರಿದ ಪುಸ್ತಕ ಹೊಲಿಯುವ ಹಿಂದಿನ ಕೋಣೆಗೆ ನುಸುಳಿದ. ದಿನಾ ಪೇಪರ್ ಓದಲು ಬರುವ ನಿವೃತ್ತ ಕಂಡಕ್ಟರ್ ಹಿಂದೆಯೇ ಬಂದ.

“ಏನಪ್ಪಾ, ಕಳ್ಳಬೆಕ್ಕಿನ ಹಾಗೆ ಹೆಜ್ಜೆ ಇಡ್ತಿದ್ದೀಯ?”

ಬಾಯಿ ಮುಚ್ಚಿಸಲು ವಿಷಯ ಹೇಳಬೇಕಾಯಿತು. ಹೇಳಿದ್ದೇ ತಡ, ಕಂಡಕ್ಟರ್ ಬಾಗಿಲಿಂದ ಕೈಬೀಸಿ, ರವಿಕೆಯ ಹೊಸ ಮಾದರಿ ಹುಡುಕುತ್ತಿದ್ದ ಟೈಲರಮ್ಮನನ್ನೂ ಕರೆದ. “ಬನ್ನಿ ಬನ್ನಿ, ನಮ್ಮ ಗುಡುಗಪ್ಪನಿಗೆ ಸಿನಿಮಾದವರು ಫೋನ್ ಮಾಡ್ತಾರಂತೆ!”

ಮೂವರು ಸೇರಿದ ಮೇಲೆ ಆ ಕೋಣೆಯಲ್ಲಿ ಮೊಣಕೈ ಆಡಿಸಲು ಜಾಗವಿರಲಿಲ್ಲ. ಗುಡುಗಪ್ಪ ಆಡಿಸಿದ. ಅಂಟಿನ ಡಬ್ಬಿ ಮಗುಚಿತು. ಇಯರ್‌ಫೋನ್ ಅದರಲ್ಲಿ ಮುಳುಗಿತು, ಜತೆಗೆ ತಂದಿದ್ದ ನೋಟ್‌ಬುಕ್ಕಿನ ನಲವತ್ತಮೂರು ಬೇಡಿಕೆಗಳು ಹಾಳೆಗೆ ಹಾಳೆ ಅಂಟಿ ಹಪ್ಪಳದ ಕಟ್ಟಾದವು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ತೆರೆಯ ಮೇಲೆ ಮುದುಡಿದ ಮುಖವೊಂದು ಮೂಡಿತು. “ಹೇಗಿದ್ದೀಯ ತಮ್ಮಾ? ಕೇಳು, ಮನಸ್ಸಿನಲ್ಲಿದ್ದದ್ದನ್ನ ಹೇಳು. ಮುಲಾಜು ಬೇಡ.”

ಹಾಡು ಶುರುವಾಯಿತು. ಹತ್ತು ಕಬ್ಬಿಣದ ಬೀರುಗಳು ಒಟ್ಟಿಗೆ ಮೆಟ್ಟಿಲಿಂದ ಉರುಳಿದಂತಿತ್ತು. ಟೈಲರಮ್ಮ ಕಿವಿ ಮುಚ್ಚಿಕೊಂಡಳು. ಗುಡುಗಪ್ಪನ ಕಣ್ಣಲ್ಲಿ ನೀರಾಡಿತು. ಹದಿನಾಲ್ಕು ವರ್ಷ ಕಾದದ್ದು ಇದಕ್ಕೇ! ಒಂದು ಬೇಡಿಕೆಯೂ ತಪ್ಪದಂತೆ, ತಾನೇ ಬರೆಸಿದಂತೆ ಇತ್ತು.

ಆಗ ಹೊರಗೆ ಮೇಡಂ ದನಿ ಕೇಳಿಸಿತು. “ಈ ಕಡೆ ಬನ್ನಿ ಸಾರ್.”

ಗುಡುಗಪ್ಪ ದನಿ ತಗ್ಗಿಸುವ ಗುಂಡಿ ಒತ್ತಿದ. ಅಂಟು ಹಿಡಿದಿದ್ದ ಗುಂಡಿ ಅಲ್ಲಾಡಲಿಲ್ಲ. ಫೋನನ್ನು ಬಾಯಿಯ ಹತ್ತಿರ ಹಿಡಿದು ಪಿಸುಗುಟ್ಟಿದ: “ಮೆಲ್ಲಗೆ ಸಾರ್! ನಿಮ್ಮ ಕಾಲಿಗೆ ಬೀಳ್ತೀನಿ, ಮೆಲ್ಲಗೆ!”

ಹಾಡು ನಿಂತಿತು. “ಏನಂದೆ?”

“ಇಷ್ಟು ಸದ್ದು ಬೇಡ ಸಾರ್...”

“ಅವನು ಹೇಳೋದು ಸರಿ ಸ್ವಾಮಿ,” ಎಂದು ಕಂಡಕ್ಟರ್ ತಲೆ ತೂರಿಸಿದ. “ಈ ವಯಸ್ಸಲ್ಲಿ ಯಾಕೆ ಹೀಗೆ ಅರಚ್ಕೊಳ್ತೀರಿ? ಗಂಟಲು ಹೋದ್ರೆ ಯಾರು ತಂದ್ಕೊಡ್ತಾರೆ?”

“ಮಾತು ಒಂದೂ ತಿಳೀಲಿಲ್ಲ ಅಣ್ಣಾ,” ಎಂದಳು ಟೈಲರಮ್ಮ. “ಬಿಡಿಸಿ ಬಿಡಿಸಿ ಹೇಳಿ.”

ತೆರೆಯ ಮೇಲಿನ ಮುದುಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಗುಡುಗಪ್ಪ “ಅಯ್ಯೋ, ಹಾಗಲ್ಲ ಸಾರ್” ಎನ್ನುವಷ್ಟರಲ್ಲಿ ಬಾಗಿಲು ತೆರೆಯಿತು. ಅವನು ಫೋನನ್ನು ಪುಸ್ತಕದ ರಾಶಿಗೆ ತುರುಕಿ, ಅಂಟಿನ ಮೇಲೆಯೇ ಕೂತ.

“ಏನದು ಸದ್ದು?” ಎಂದರು ಮೇಲಧಿಕಾರಿಗಳು.

“ಕಪಾಟು ಸರಿಸಿದ್ವಿ ಸಾರ್,” ಎಂದ ಕಂಡಕ್ಟರ್, ಟಿಕೆಟ್ ಹರಿದುಕೊಟ್ಟಷ್ಟು ಸಲೀಸಾಗಿ.

ಅವರು ಹೋದಮೇಲೆ ನೋಡಿದರೆ ಕರೆ ಕಡಿದಿತ್ತು. ಹೋಗಲಿ, ಹಾಡು ಕೇಳಿದೆನಲ್ಲ! ಗುಡುಗಪ್ಪ ಎದೆಯುಬ್ಬಿಸಿ ಅಭಿಮಾನಿಗಳ ಗುಂಪಿಗೆ ಬರೆದ: “ಗೂಬೆಯ ಜತೆ ನೇರ ಮಾತಾಡಿದೆ. ಆಲ್ಬಂ ಪೂರ್ತಿ ನನ್ನ ಸಲಹೆಯಂತೆಯೇ ಬರಲಿದೆ. ನೋಡ್ತಿರಿ!” ಸಂಜೆಯವರೆಗೂ ಓದುಗರಿಗೆ ‘ಶ್’ ಅನ್ನುವಾಗಲೂ ರಾಜಗಾಂಭೀರ್ಯವಿತ್ತು.

ಆರು ಗಂಟೆಗೆ ಮನೆ ಮುಟ್ಟಿದಾಗ ತಂಡದ ಪ್ರಕಟಣೆ ಬಂತು. “ಮಂಡಿ, ಗಂಟಲು ಸೋತರೂ ಅಭಿಮಾನಿಗಳಿಗೆ ಹೆದರಿ ಅರಚುತ್ತಿದ್ದೆವು. ಇಂದು ಅಭಿಮಾನಿಯೊಬ್ಬನೇ ಕಾಲಿಗೆ ಬೀಳುತ್ತೇನೆಂದು ಬೇಡಿಕೊಂಡ. ಧ್ವನಿಮುದ್ರಿಸಿದ್ದೆಲ್ಲವನ್ನೂ ಅಳಿಸಿದ್ದೇವೆ. ಹೊಸ ಆಲ್ಬಂನ ಹೆಸರು ‘ಮೆಲ್ಲಗೆ’. ಮಧ್ಯಾಹ್ನವಷ್ಟೇ ಪಿಯಾನೋ ಜತೆ ಹಾಡಿದ ಮೊದಲ ಹಾಡು ಇಲ್ಲಿದೆ.”

ಗುಂಪಿನಲ್ಲಿ ಇವನಿಗೆ ಬಿದ್ದ ಬೈಗುಳವನ್ನು ಬರೆಯುವಂತಿಲ್ಲ. ‘ನಾನು ಹೇಳಿದ್ದು ಫೋನಿನ ಸದ್ದಿನ ಬಗ್ಗೆ!’ ಎಂದು ಟೈಪು ಮಾಡಿ ಮುಗಿಸುವಷ್ಟರಲ್ಲಿ ಅವನನ್ನು ಸಂಘದಿಂದ ಕಿತ್ತುಹಾಕಿದ್ದರು.

ಹೆಂಡತಿ ಅಷ್ಟರಲ್ಲಿ ಹಾಡು ಹಚ್ಚಿದ್ದಳು. ಮುದುಕ ನೀರು ಹರಿದಂತೆ ಹಾಡುತ್ತಿದ್ದ, ಒಂದೊಂದು ಮಾತೂ ಬಿಡಿಸಿ ಬಿಡಿಸಿ. “ಇಷ್ಟು ವರ್ಷಕ್ಕೆ ನಿಮ್ಮಿಂದ ಒಂದು ಒಳ್ಳೆ ಕೆಲಸ ಆಯ್ತು ನೋಡಿ,” ಎಂದಳು.

ಗುಡುಗಪ್ಪ ಎರಡೂ ಕಿವಿಗೆ ಬೆರಳಿಟ್ಟುಕೊಂಡ. ಆದರೂ ಕೆಳಗಿನ ಮನೆಯಾಕೆ ಕಿಟಕಿಯಿಂದ ಕೂಗಿದ್ದು ಕೇಳಿಸಿತು:

“ಸ್ವಲ್ಪ ಜೋರಾಗಿ ಹಾಕ್ರೀ, ನಮಗೂ ಕೇಳ್ಲಿ!”